ಮಾದರಿ ಮನೆಯ ಹಿಂಭಾಗ

“ಆ ಮುದುಕಿ ಕಾಲು ಫೋಟೋದಲ್ಲಿ ಬರ್ತಿದೆ ನೋಡ್ರೋ. ಎತ್ತಾಕ್ರೋ ಅತ್ಲಾಗೆ!”

ಪುರಸಭೆ ಆಫೀಸಿನ ಇಂಜಿನಿಯರು ಹೀಗೆ ಕೂಗಿದ್ದು ನಮ್ಮತ್ತೆಯ ಕಾಲಿನ ಬಗ್ಗೆ. ಬಹಳ ಹೊತ್ತಿನಿಂದ ನಾವು ಹನ್ನೊಂದು ಹೆಂಗಸರು ಗುಂಡಿಗೆ ಇಳಿದು ಮಣ್ಣು ತುಳಿಯುತ್ತಿದ್ದೆವು. ಕೆಮ್ಮಣ್ಣು, ಕತ್ತರಿಸಿದ ಒಣಹುಲ್ಲು, ಒಂದಿಷ್ಟು ಸುಣ್ಣ, ನೀರು. ಮೊಣಕಾಲುದ್ದ ಹೂತ ಕಾಲನ್ನು ಕಿತ್ತು ಕಿತ್ತು ಇಡಬೇಕು. ಕಿತ್ತಾಗಲೆಲ್ಲ ಮಣ್ಣು, ತುಂಬಿದ ಸಭೆಯಲ್ಲಿ ಮಾಡಬಾರದ ಸದ್ದು ಮಾಡುತ್ತದೆ. ನಮ್ಮಲ್ಲೊಬ್ಬಳು ಪಕ್ಕದವಳ ಕಡೆ ತಿರುಗಿ ಮೂಗು ಮುಚ್ಚಿಕೊಳ್ಳುತ್ತಾಳೆ, ಎಲ್ಲರೂ ನಗುತ್ತೇವೆ. ಕೆಲಸ ಹೀಗೆ ಸಾಗಿತ್ತು. ಅಷ್ಟರಲ್ಲಿ ಕ್ಯಾಮೆರಾದವನು ಬಂದ. ನಮ್ಮನ್ನು ಮೇಲೆ ಹತ್ತಿಸಿದರು. ನಮಗೆ ಮನೆ ಕಟ್ಟಿಸಲು ಬಂದಿದ್ದ ಮಣ್ಣಿನ ಮೇಡಂ ಚಪ್ಪಲಿ ಕಳಚಿ, ಪ್ಯಾಂಟು ಮಡಚಿ, ಉಗುರಿಗೆ ಬಣ್ಣ ಹಚ್ಚಿದ ಎರಡು ಪಾದಗಳನ್ನು ನಾವು ಹದ ಮಾಡಿಟ್ಟ ಮಣ್ಣಿನಲ್ಲಿ ಇಟ್ಟರು. ಅತ್ತೆ ಮಾತ್ರ ಇನ್ನೂ ಹತ್ತಿರಲಿಲ್ಲ. ಅವಳ ಕಾಲು ಅಷ್ಟು ಬೇಗ ಕಿತ್ತು ಬರುವ ವಯಸ್ಸಿನದಲ್ಲ.

“ಎತ್ತಾಕೋದಾದ್ರೆ ಎರಡನ್ನೂ ಎತ್ತಾಕಿ ಸಾಮಿ,” ಎಂದಳು ಅತ್ತೆ. “ಒಂದನ್ನ ಇಲ್ಲೇ ಬಿಟ್ರೆ ಅದು ಒಂಟಿಯಾಗಿ ಏನ್ ಮಾಡುತ್ತೆ ಪಾಪ?”

“ಮುಚ್ಚೇ ಬಾಯಿ, ಹಾಳು ಮುಂಡೆ!”

“ಮುಂಡೆ ಮಾಡಿದ್ದು ನಿಮ್ಮ ಆಫೀಸೇ ಅಲ್ವಾ? ಮರ್ತೋಯ್ತಾ?”

ಅದು ಸುಳ್ಳಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಇದೇ ಆಫೀಸಿನವರು ನಮ್ಮ ಮಾವನನ್ನು ಕೊಳೆ ಕಟ್ಟಿಕೊಂಡಿದ್ದ ಮ್ಯಾನ್‌ಹೋಲಿಗೆ ಇಳಿಸಿದ್ದರು. “ಐದು ನಿಮಿಷ, ಚಹಾ ತರಿಸಿಡು” ಎಂದು ಹೆಂಡತಿಗೆ ಹೇಳಿ ಇಳಿದವನು. ಚಹಾ ತಣ್ಣಗಾಯಿತು. ಹಗ್ಗ ಹಾಕಿ ಎಳೆದು ಮೇಲೆ ತಂದಾಗ ಅವನೂ ತಣ್ಣಗಾಗಿದ್ದ. ಈ ಮನುಷ್ಯ ಯಾರೋ ನಮಗೆ ಗೊತ್ತಿಲ್ಲ, ತಾನಾಗಿಯೇ ಇಳಿದು ಸತ್ತಿದ್ದಾನೆ ಎಂದು ಆಫೀಸಿನವರು ಬರೆದುಕೊಂಡರು. ಅಲ್ಲಿಯವರೆಗೆ ಅತ್ತೆ ಹೆಚ್ಚು ಮಾತಾಡುವವಳಾಗಿರಲಿಲ್ಲವಂತೆ. ನಾನು ನಂಬುವುದಿಲ್ಲ, ಆದರೆ ಹಳಬರು ಹಾಗೆ ಹೇಳುತ್ತಾರೆ. ಈಗ ಅವಳ ಹೆಸರೇ ಬಾಯಮ್ಮ. ಹೆತ್ತವರು ಇಟ್ಟ ಹೆಸರು ಬೇರೆ ಇರಬೇಕು. ಅವಳ ಮಗ, ಅಂದರೆ ನನ್ನ ಗಂಡ, ಲಾರಿ ಕ್ಲೀನರ್ ಆಗಿ ತಿಂಗಳಿಗೊಮ್ಮೆ ಮುಖ ತೋರಿಸುವವನು. ಅವನಿಗೂ ಅದು ಗೊತ್ತಿಲ್ಲ.

ನಾವು ಕಸ ಆಯುವವರು. ಊರಿನ ಕಸದ ಗುಡ್ಡದ ಬುಡದಲ್ಲಿ ನಮ್ಮ ನಲವತ್ತು ಗುಡಿಸಲು. ಟಾರ್ಪಾಲು, ತಗಡು, ಹಳೇ ಬಾಗಿಲು, ಯಾವ ಅಂಗಡಿಯದೋ ಬೋರ್ಡು. ನಮ್ಮ ಗುಡಿಸಲ ಒಂದು ಗೋಡೆಯ ಮೇಲೆ ‘ಒಳಗೆ ಬನ್ನಿ’ ಎಂದೂ, ಇನ್ನೊಂದರ ಮೇಲೆ ‘ಅಪಾಯ’ ಎಂದೂ ಬರೆದಿತ್ತು. ಬೇಸಿಗೆಯಲ್ಲಿ ಒಳಗೆ ಕೂತರೆ ಬೆಂದೆವು, ಮಳೆಗಾಲದಲ್ಲಿ ನೆನೆದೆವು. ಇದು ನಮಗೆ ಹೊಸತೇನೂ ಅಲ್ಲ.

ಮಣ್ಣಿನ ಮೇಡಂ ಎಂದು ನಾವು ಕರೆಯುತ್ತಿದ್ದುದು ಮನೆ ಕಟ್ಟಿಸಲು ಬಂದ ಆರ್ಕಿಟೆಕ್ಟ್ ಹೆಂಗಸನ್ನು. ಮೊದಲ ದಿನ ಅವರು ಮೂಗಿಗೆ ಬಟ್ಟೆ ಹಿಡಿಯಲಿಲ್ಲ. ಅಷ್ಟಕ್ಕೇ ನಾವು ಅರ್ಧ ಸೋತೆವು.

“ಈ ಊರು ಬಿಸಾಡೋದ್ರಿಂದಲೇ ನಿಮ್ಮ ಮನೆ ಕಟ್ಟಬಹುದು,” ಎಂದರು. “ಸಿಮೆಂಟು ಬೇಡ, ಸುಟ್ಟ ಇಟ್ಟಿಗೆ ಬೇಡ. ಮಣ್ಣು, ಬಿದಿರು, ಹುಲ್ಲು, ಟೈರು, ಬಾಟಲಿ.”

“ಮೇಡಂ, ನಾವೀಗ ಇರೋದೂ ಊರು ಬಿಸಾಕಿದ್ರಲ್ಲೇ,” ಎಂದ ಕುಂಟ ಮೇಸ್ತ್ರಿ. ಅವನು ಗಾರೆ ಕೆಲಸದವನಾಗಿದ್ದು, ಮೂರನೇ ಅಂತಸ್ತಿನ ಸಾರುವೆಯಿಂದ ಬಿದ್ದು, ಕಾಲು ಸೊಟ್ಟಗಾದ ಮೇಲೆ ನಮ್ಮ ಜೊತೆ ಚೀಲ ಹಿಡಿದವನು. ನಾನು ಅವನನ್ನು ಮೇಸ್ತ್ರಿ ಮಾವ ಅನ್ನುತ್ತೇನೆ. “ಇದಕ್ಕೂ ಅದಕ್ಕೂ ಏನ್ ವ್ಯತ್ಯಾಸ?”

“ಬೇಸಿಗೇಲಿ ತಣ್ಣಗಿರುತ್ತೆ, ಮಳೇಲಿ ಸೋರಲ್ಲ. ಮತ್ತೆ ನಿಮ್ಮ ಹೆಸರಲ್ಲಿರುತ್ತೆ.”

ಉಳಿದರ್ಧವೂ ಸೋತೆವು.

ಮೊದಲು ಒಂದು ಮಾದರಿ ಮನೆ. ದೊಡ್ಡವರು ಬಂದು ನೋಡಿ ಒಪ್ಪಿದ ಮೇಲೆ ನಮ್ಮ ನಲವತ್ತು. ಜಾಗ ಆಫೀಸಿನದು, ನಕ್ಷೆ ಮೇಡಂ ಅವರ ಸಂಸ್ಥೆಯದು, ಕೆಲಸ ನಮ್ಮದು. ಅದಕ್ಕೆ ಅವರು ಶ್ರಮದಾನ ಎಂಬ ಹೆಸರು ಕೊಟ್ಟರು.

“ದಾನ ಮಾಡೋ ಅಷ್ಟು ದೊಡ್ಡೋರಾಗ್ಬಿಟ್ವಲ್ಲೋ ಮೇಸ್ತ್ರಿ,” ಎಂದಳು ಅತ್ತೆ. “ಇನ್ಮೇಲೆ ನನ್ನ ಮುಂದೆ ಬೀಡಿ ಸೇದ್ಬೇಡ, ಮರ್ಯಾದೆ ಕೊಡು.”

ನಾಲ್ಕು ತಿಂಗಳು ದುಡಿದೆವು. ಬೆಳಿಗ್ಗೆ ಕಸ ಆಯುವುದು, ಹನ್ನೊಂದರ ಮೇಲೆ ಮಣ್ಣು. ಹಳೇ ಟೈರುಗಳನ್ನು ಸಾಲಾಗಿ ಮಲಗಿಸಿ, ಹೊಟ್ಟೆಗೆ ಮಣ್ಣು ಗಿಡಿದು ತಳಪಾಯ ಮಾಡಿದೆವು. ಪ್ಲಾಸ್ಟಿಕ್ ಬಾಟಲಿಗಳಿಗೆ ಯಾರೂ ಕೊಳ್ಳದ ಪೊಟ್ಟಣದ ಹಾಳೆಗಳನ್ನು ಕೋಲಿನಿಂದ ತುರುಕಿ ತುರುಕಿ, ಕಾಲಲ್ಲಿ ಮೆಟ್ಟಿದರೂ ಬಗ್ಗದಂತೆ ಮಾಡಿ, ಇಟ್ಟಿಗೆಯ ಜಾಗದಲ್ಲಿ ಕೂರಿಸಿದೆವು. ನಡುನಡುವೆ ಗಾಜಿನ ಬಾಟಲಿ. ಬಿಸಿಲು ಬಿದ್ದಾಗ ನೆಲದ ಮೇಲೆ ಹಸಿರು, ಕಂದು, ನೀಲಿ ಚುಕ್ಕಿ. ಆರು ವರ್ಷದ ನನ್ನ ಮಗಳು ಆ ಬಾಟಲಿಗಳನ್ನು ಬಣ್ಣ ನೋಡಿ ಆರಿಸುತ್ತಿದ್ದಳು. “ನೀಲೀನೆಲ್ಲ ಇದಕ್ಕೇ ಹಾಕ್ಬೇಡಿ, ನಮ್ಮನೆಗೆ ಬೇಕು,” ಎಂದು ಮೇಡಂ ಅವರಿಗೇ ತಾಕೀತು ಮಾಡಿದ್ದಳು. ಮೇಡಂ ನಕ್ಕು ಅವಳ ಕೆನ್ನೆ ಸವರಿದ್ದರು.

ನಕ್ಷೆಯಲ್ಲಿ ಗೋಡೆ ನೆಟ್ಟಗಿತ್ತು, ನೆಲದ ಮೇಲೆ ವಾಲಿತು. ಇಂಜಿನಿಯರು ನಮ್ಮನ್ನು ಬೈದರು. ಮೇಸ್ತ್ರಿ ಮಾವ ದಾರಕ್ಕೆ ಒಂದು ಕಬ್ಬಿಣದ ನಟ್ಟು ಕಟ್ಟಿ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿ, “ಗೋಡೆ ಕುಡಿದಿಲ್ಲ, ಗೀಟು ಹಾಕಿದೋರು ಕುಡಿದಿದ್ರು,” ಎಂದ. ಗೀಟು ಹಾಕಿದವರು ಇಂಜಿನಿಯರು. ಅರ್ಧ ಗೋಡೆ ಇಳಿಸಿ ಮತ್ತೆ ಕಟ್ಟಿದೆವು. ಆಮೇಲಿಂದ ಮೇಡಂ ಗೋಡೆಯ ವಿಷಯಕ್ಕೆ ಮೇಸ್ತ್ರಿ ಮಾವನನ್ನೇ ಕೇಳುತ್ತಿದ್ದರು. ಯಾರೂ ನೋಡದಿದ್ದಾಗ.

ಸೂರಿಗೆ ಬಿದಿರು, ಅದರ ಮೇಲೆ ಹಳೇ ಫ್ಲೆಕ್ಸು, ಅದರ ಮೇಲೆ ಹುಲ್ಲು. ನಮಗೆ ಸಿಕ್ಕ ಫ್ಲೆಕ್ಸುಗಳಲ್ಲಿ ಮುಕ್ಕಾಲು ಪಾಲು ಆಫೀಸಿನ ಅಧ್ಯಕ್ಷರ ಹುಟ್ಟುಹಬ್ಬದವು. ಮುಖ ಮೇಲಾಗಲಿ, ಒಳಗಿನಿಂದ ಕಾಣೋದು ಬೇಡ ಎಂದು ಮೇಡಂ ಹೇಳಿದ್ದರು. ಎಲ್ಲ ಕಡೆ ಹಾಗೇ ಹಾಕಿದೆವು. ಪಾಯಿಖಾನೆಯ ಮೇಲೆ ಹೊದಿಸುವ ಸರದಿ ಅತ್ತೆಯದಾಗಿತ್ತು. ಅಲ್ಲಿ ಮಾತ್ರ ಅಧ್ಯಕ್ಷರು ಕೆಳಗೆ ನೋಡಿ ನಗುತ್ತಿದ್ದರು.

ಆ ಪಾಯಿಖಾನೆಯ ಕಮೋಡಿನದೊಂದು ಕಥೆ. ಕೆಡವುತ್ತಿದ್ದ ಹೋಟೆಲಿನ ಅವಶೇಷದಲ್ಲಿ ನಮಗೆ ಸಿಕ್ಕಿದ್ದು ಅದು. ಒಂದು ಬಿರುಕಿಲ್ಲ, ಗುಲಾಬಿ ಬಣ್ಣ. ತಳ್ಳುಗಾಡಿಯಲ್ಲಿ ಹಾಕಿ ತರುವಾಗ ಉರುಳದಂತೆ ಯಾರಾದರೂ ಹಿಡಿದುಕೊಳ್ಳಬೇಕಿತ್ತು. ಅತ್ತೆ ಹತ್ತಿ ಅದರ ಮೇಲೇ ಕೂತಳು. ಪೇಟೆಯ ದೊಡ್ಡ ರಸ್ತೆಯಲ್ಲಿ, ಮಟಮಟ ಮಧ್ಯಾಹ್ನ, ಗುಲಾಬಿ ಕಮೋಡಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು ಎಡಕ್ಕೂ ಬಲಕ್ಕೂ ತಲೆಯಾಡಿಸುತ್ತ ಬಂದಳು. ನಾನೂ ಮೇಸ್ತ್ರಿ ಮಾವನೂ ಗಾಡಿ ತಳ್ಳಿದೆವು. ಕಾರಿನವರು ಹಾರ್ನ್ ಹೊಡೆದರೆ, “ತಡಿಯಪ್ಪ, ಅರ್ಜೆಂಟಾದ್ರೆ ಪಕ್ಕದಲ್ಲಿ ಕೂತ್ಕೋ,” ಎನ್ನುತ್ತಿದ್ದಳು.

ಕಮೋಡು ಕೂರಿಸಿದೆವು. ಅದರ ಹಿಂದೆ ಗುಂಡಿ ತೋಡಿಸುವುದು ಮಾತ್ರ ಇಂಜಿನಿಯರ ಕೆಲಸ, ಅದಕ್ಕೆ ಯಂತ್ರ ಬರಬೇಕಿತ್ತು. ನಾಳೆ ಬರುತ್ತೆ, ನಾಡಿದ್ದು ಬರುತ್ತೆ ಎಂದರು. ಅಷ್ಟರಲ್ಲಿ ಉದ್ಘಾಟನೆಯೇ ಬಂತು. ಕಮೋಡಿನ ಕೊಳವೆ ಹಿಂದಿನ ಗೋಡೆಯಿಂದ ಒಂದು ಮೊಳ ಆಚೆ ಬಂದು ಗಾಳಿಗೆ ಬಾಯಿ ತೆರೆದುಕೊಂಡಿತ್ತು. ಇಂಜಿನಿಯರು ಅದರ ಮುಂದೆ ಒಂದು ಹೂಕುಂಡ ಇಡಿಸಿದರು. ಬಾಗಿಲಿಗೆ ‘ಪರಿಸರಸ್ನೇಹಿ ಶೌಚಾಲಯ’ ಎಂಬ ಬೋರ್ಡು ಹೊಡೆಸಿದರು. ಮುಂಭಾಗದ ಗೋಡೆಯ ಮೇಲೆ ಪೇಂಟರು ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಬರೆದ.

“ನಮ್ದು ಕಾಲೂ ಕೆಸರಾಗಿದೆ,” ಎಂದಳು ಅತ್ತೆ. “ಬೆಣ್ಣೇನೂ ಬರ್ಬೇಕಲ್ವಾ ಹಂಗಾದ್ರೆ?”

ಉದ್ಘಾಟನೆಯ ಬೆಳಿಗ್ಗೆ ನಾವು ಒಗೆದ ಬಟ್ಟೆ ಹಾಕಿಕೊಂಡು, ತಲೆ ಬಾಚಿಕೊಂಡು ಹೋದರೆ, ನಮ್ಮ ಗುಡಿಸಲುಗಳು ಕಾಣದಂತೆ ಹಸಿರು ಬಟ್ಟೆಯ ಪರದೆ ಕಟ್ಟಿದ್ದರು. ಮಾದರಿ ಮನೆಯ ಹಿಂದಿನ ಗೋಡೆಗೆ ಒಂದು ಮಾರು ಬಿಟ್ಟು, ಈ ತುದಿಯಿಂದ ಆ ತುದಿಗೆ.

“ನೀವೆಲ್ಲ ಪರದೆ ಹಿಂದೆ,” ಎಂದರು ಇಂಜಿನಿಯರು. “ಕೆಮ್ಮಬಾರ್ದು. ಮಕ್ಕಳನ್ನ ಅಳಿಸ್ಬಾರ್ದು. ನಾನು ಕೈ ಎತ್ತಿದಾಗ ಚಪ್ಪಾಳೆ ಹೊಡೀಬೇಕು.”

“ಪರದೆ ಹಿಂದಿದ್ರೆ ನಿಮ್ಮ ಕೈ ಕಾಣೋದ್ ಹೆಂಗೆ ಸಾರ್?” ಎಂದು ಮೇಸ್ತ್ರಿ ಮಾವ ಕೇಳಿದ.

“ಅಧಿಕಪ್ರಸಂಗಿ ನನ್ ಮಗನೆ, ಮೈಕಲ್ಲಿ ಚಪ್ಪಾಳೆ ಕೇಳಿಸಿದಾಗ ಹೊಡಿ.”

ಹೀಗೆ ನಮ್ಮ ಕೈಯಾರೆ ಕಟ್ಟಿದ ಮನೆಯ ಉದ್ಘಾಟನೆಯನ್ನು ನಾವು ಕಿವಿಯಾರೆ ಕೇಳಿದೆವು. ಕಾರುಗಳು ಬಂದವು. ಅಧ್ಯಕ್ಷರು ರಿಬ್ಬನ್ ಕತ್ತರಿಸಿದರು. ಕತ್ತರಿ ಮೊಂಡಾಗಿತ್ತೋ ಏನೋ, ಹೊತ್ತು ಹಿಡಿಯಿತು. ಮೇಡಂ ಮಾತಾಡಿದರು. ನಮ್ಮನ್ನು ‘ತ್ಯಾಜ್ಯ ಯೋಧರು’ ಎಂದರು. ಅಧ್ಯಕ್ಷರು ತಾವೂ ಚಿಕ್ಕಂದಿನಲ್ಲಿ ಮಣ್ಣಿನಲ್ಲಿ ಆಡಿದ್ದಾಗಿ ಹೇಳಿದರು. ಆಮೇಲೆ ಮಾತು ತಡವರಿಸಿತು, ಒಂದೆರಡು ವಾಕ್ಯ ನುಂಗಿಕೊಂಡಿತು, ನಿಂತಿತು.

ಆ ದಿನ ಅವರಿಗೆ ಅದು ನಾಲ್ಕನೇ ಉದ್ಘಾಟನೆಯಂತೆ. ಹೋದ ಕಡೆಯೆಲ್ಲ ತಣ್ಣಗಿನದು ಕುಡಿಸಿದ್ದರಂತೆ. ಇದೆಲ್ಲ ನಮಗೆ ಆಮೇಲೆ ಅವರ ಕಾರಿನ ಡ್ರೈವರ್ ಹೇಳಿದ್ದು. ಆ ಹೊತ್ತಿಗೆ ನಮಗೆ ಕೇಳಿಸಿದ್ದು ದಡಬಡ ಹೆಜ್ಜೆ ಸದ್ದು, ಮೇಡಂ ಅವರ ಗಾಬರಿಯ ಪಿಸುಮಾತು.

“ಅದು ಬರೀ ಡಿಸ್‌ಪ್ಲೇ ಸಾರ್, ಕನೆಕ್ಷನ್ ಕೊಟ್ಟಿಲ್ಲ, ಅವರಿಗೆ ಹೇಳಿ.”

“ನಾನ್ ಹೇಗ್ರೀ ಹೇಳ್ಲಿ?” ಇಂಜಿನಿಯರ ಧ್ವನಿ. “ಅಧ್ಯಕ್ಷರಿಗೆ ಬೇಡ ಅನ್ನೋಕಾಗುತ್ತಾ?”

ಪಾಯಿಖಾನೆಯ ಬಾಗಿಲು ಮುಚ್ಚಿಕೊಂಡಿತು. ಮೈಕಿನವನು ಹಾಡು ಹಾಕಿದ, ಆದರೆ ಹಾಡು ಶುರುವಾಗಲು ಸ್ವಲ್ಪ ತಡವಾಯಿತು. ಗೋಡೆಯ ಈಚೆ ನಿಂತ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಬಕೆಟ್ಟಿನ ನೀರು ದಬದಬನೆ ಸುರಿದ ಸದ್ದು. ಪರದೆಯ ಸಂದಿಯಲ್ಲಿ ನೋಡಿದರೆ, ಹೂಕುಂಡ ಒಮ್ಮೆ ಅಲುಗಾಡಿ, ಪಕ್ಕಕ್ಕೆ ವಾಲಿ, ಬಿತ್ತು.

ನೆಲ ನಮ್ಮ ಕಡೆಗೆ ಇಳಿಜಾರು. ಹಸಿರು ಪರದೆಯ ಕೆಳಗೆ ನುಸುಳಿ ಅದು ನೆಟ್ಟಗೆ ನಮ್ಮ ಕಾಲಿಗೇ ಬಂತು. ನಾವು ಮಕ್ಕಳನ್ನು ಎತ್ತಿಕೊಂಡು ಹಿಂದಕ್ಕೆ ಹಾರಿದೆವು. ಅತ್ತೆ ಹಾರಲಿಲ್ಲ. ಬಗ್ಗಿ ನೋಡಿದಳು.

“ನಾಲ್ಕು ತಿಂಗಳು ದಾನ ಮಾಡಿದ್ವಿ,” ಎಂದಳು. “ಅಧ್ಯಕ್ಷರು ತಿರುಗಿ ಕೊಡ್ತಿದ್ದಾರೆ. ದೊಡ್ಡ ಮನಸ್ಸು.”

ನಾವು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿರುವಾಗಲೇ ಇಂಜಿನಿಯರು ಪರದೆ ಎತ್ತಿ ಒಳಗೆ ನುಗ್ಗಿದರು. ಮುಖ ಬಿಳಿಚಿಕೊಂಡಿತ್ತು. ಸುತ್ತ ನೋಡಿ ಅತ್ತೆಯತ್ತ ಬೆರಳು ತೋರಿಸಿದರು.

“ಏಯ್ ಮುದುಕಿ, ಬಳಿದಾಕು ಇದನ್ನ. ಬೇಗ. ಪತ್ರಿಕೆಯವರು ಹಿಂದಕ್ಕೆ ಬರ್ತಿದ್ದಾರೆ. ಬಳಿಯೇ!”

ಅತ್ತೆ ಸುಮ್ಮನಾದಳು. ನಾನು ಸೊಸೆಯಾಗಿ ಬಂದ ಹದಿನಾಲ್ಕು ವರ್ಷದಲ್ಲಿ ಅವಳು ಹಾಗೆ ಸುಮ್ಮನಾದದ್ದು ಕಂಡಿರಲಿಲ್ಲ. ಅವಳು ಎತ್ತಿದ ಪರದೆಯಾಚೆ ಕಾಣುತ್ತಿದ್ದ ಆ ಕೊಳವೆಯ ಬಾಯನ್ನೇ ನೋಡುತ್ತಿದ್ದಳು. ಕಪ್ಪಗೆ, ದುಂಡಗೆ ಇತ್ತು. ನಾನು ಅವಳ ತೋಳು ಹಿಡಿದುಕೊಂಡೆ. ತಣ್ಣಗಿತ್ತು.

“ಕಿವಿ ಕೇಳ್ಸಲ್ವಾ? ನಿಮಗಿದು ಹೊಸತಾ? ಮಾಡೋ ಕೆಲಸ ತಾನೆ?”

ಆಗ ಅತ್ತೆ ಬಾಯಿ ಬಿಟ್ಟಳು. ಕೂಗಲಿಲ್ಲ, ಬುದ್ಧಿ ಹೇಳುವವಳ ಹಾಗೆ ನಿಧಾನವಾಗಿ ಹೇಳಿದಳು.

“ಸಾಮಿ, ಹಸಿ ಕಸ ಬೇರೆ, ಒಣ ಕಸ ಬೇರೆ ಅಂತ ನಮಗೆ ಕಲ್ಸಿದ್ದೇ ನೀವು. ಗೋಡೆಗೋಡೆಗೂ ಬರ್ಸಿದ್ದೀರಿ. ನಾವು ಒಣ ಕಸದೋರು. ಇದು ಹಸಿ. ನಿಮ್ಮೋರದು. ನೀವೇ ಎತ್ಕೊಳ್ಳಿ.”

“ಏನಂದೆ?”

“ಕೇಳಿಸ್ಲಿಲ್ವಾ? ಎಲ್ರಿಗೂ ಕೇಳಿಸೋ ಹಂಗೆ ಹೇಳ್ತೀನಿ ತಡೀರಿ.”

ಹಾಗಂದವಳೇ ಪರದೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ದಾರ ಪಟಪಟನೆ ಕಿತ್ತು ಹೋಯಿತು. ಆಚೆ ಪತ್ರಿಕೆಯವರು, ಕ್ಯಾಮೆರಾದವರು, ಹೊಸ ಬಟ್ಟೆಯ ಅತಿಥಿಗಳು. ಈಚೆ ನಾವು, ನಮ್ಮ ನಲವತ್ತು ಗುಡಿಸಲು. ನಡುವೆ ಆ ಹೊಳೆ. ಅದೇ ಹೊತ್ತಿಗೆ ಪಾಯಿಖಾನೆಯ ಬಾಗಿಲು ತೆರೆದು ಅಧ್ಯಕ್ಷರು ಬೆಲ್ಟು ಬಿಗಿದುಕೊಳ್ಳುತ್ತ ಹೊರಗೆ ಬಂದರು. ಕೂತಲ್ಲಿಂದ ಮೇಲೆ ನೋಡಿದ್ದರೆ ತಮ್ಮನ್ನು ತಾವೇ ಕಂಡಿರುತ್ತಾರೆ. ನೋಡಿದರೋ ಇಲ್ಲವೋ, ಮುಖವಂತೂ ಫ್ಲೆಕ್ಸಿನಲ್ಲಿದ್ದಂತೆ ಇರಲಿಲ್ಲ.

“ಚಪ್ಪಾಳೆ ಹೊಡೀರೋ!” ಎಂದಳು ಅತ್ತೆ.

ಹೊಡೆದೆವು. ಅಷ್ಟು ಮನಸಾರೆ ನಾವು ಯಾರಿಗೂ ಚಪ್ಪಾಳೆ ಹೊಡೆದಿರಲಿಲ್ಲ.

ಪತ್ರಿಕೆಯಲ್ಲಿ ರಿಬ್ಬನ್ ಕತ್ತರಿಸಿದ ಫೋಟೋ ಮಾತ್ರ ಬಂತು. ಆದರೆ ಯಾರೋ ಪುಣ್ಯಾತ್ಮ ಫೋನಿನಲ್ಲಿ ವೀಡಿಯೋ ಹಿಡಿದಿದ್ದ. ಎರಡೇ ದಿನದಲ್ಲಿ ಊರಿಗೆಲ್ಲ ಅದೇ. ನಾನು ಕಸ ಆಯುವ ಬೀದಿಯ ಮಕ್ಕಳು ಬಾಗಿಲಲ್ಲಿ ನಿಂತು ಚಪ್ಪಾಳೆ ಹೊಡೆಯತೊಡಗಿದವು.

ನಾಲ್ಕನೇ ದಿನ ನೋಟೀಸು ಬಂತು. ಪ್ರತಿ ಗುಡಿಸಲಿಗೂ ಒಂದೊಂದು ಅಂಟಿಸಿ ಹೋದರು. ನಾನು ಏಳನೇ ಕ್ಲಾಸಿನವರೆಗೆ ಓದಿದವಳು, ಎಲ್ಲರೂ ನನ್ನ ಸುತ್ತ ಕೂತರು. ಒಂದೊಂದೇ ಸಾಲು ಓದಿದೆ. ಮಾದರಿ ಮನೆಯ ಆವರಣದಲ್ಲಿ ನಿವಾಸಿಗಳು ಬಹಿರಂಗವಾಗಿ ಮಲವಿಸರ್ಜನೆ ಮಾಡಿ ಪರಿಸರ ಮಾಲಿನ್ಯ ಉಂಟುಮಾಡಿರುವುದು ಅಧಿಕಾರಿಗಳ ಗಮನಕ್ಕೆ ಬಂದಿದೆ. ಆದ ಕಾರಣ ಹತ್ತು ದಿನದೊಳಗೆ ಜಾಗ ತೆರವು ಮಾಡತಕ್ಕದ್ದು. ತಪ್ಪಿದಲ್ಲಿ ಯಂತ್ರದ ಮೂಲಕ ತೆರವುಗೊಳಿಸಲಾಗುವುದು. ಮಾದರಿ ಮನೆಯ ಸುತ್ತ ಉದ್ಯಾನ ಬೆಳೆಸಲಾಗುವುದು.

“ಯಾರು ಮಾಡಿದ್ರಂತೆ?” ಎಂದು ಮೇಸ್ತ್ರಿ ಮಾವ ಇನ್ನೊಮ್ಮೆ ಓದಿಸಿದ.

“ನಾವಂತೆ.”

“ತೂ ಬೋಳಿಮಕ್ಕಳಾ! ಹೇತೋನೊಬ್ಬ, ಹೆಸ್ರು ನಮ್ದಾ?”

“ಅದೊಂದಾದ್ರೂ ನಮ್ ಹೆಸ್ರಲ್ಲಿ ಆಯ್ತಲ್ಲ ಬಿಡೋ,” ಎಂದಳು ಅತ್ತೆ. ಯಾರೂ ನಗಲಿಲ್ಲ. ಅವಳೂ ನಗಲಿಲ್ಲ. ನೋಟೀಸನ್ನು ಮಡಚಿ ನನ್ನ ಕೈಗಿಟ್ಟು ಹೇಳಿದಳು: “ಆ ಮಣ್ಣಿನ ಮೇಡಂ ಹತ್ರ ಒಂದ್ಸಲ ಹೋಗಿ ಬಾ. ಮಾತು ಕೊಟ್ಟೋಳು ಅವಳು.”

ಬೆಳಗಿನ ಕೆಲಸ ಮುಗಿಸಿ ಹಾಗೇ ಮೇಡಂ ಅವರ ಸಂಸ್ಥೆಗೆ ಹೋದೆ. ಕಾವಲಿನವನು ಚೀಲವನ್ನು ಗೇಟಿನ ಹೊರಗೆ ಇಡಿಸಿದ. ಒಳಗೆ ತಂಪಾಗಿತ್ತು, ಹೂವಿನ ವಾಸನೆ ಇತ್ತು, ಹೂವು ಎಲ್ಲೂ ಇರಲಿಲ್ಲ. ಕುರ್ಚಿಯ ಮೇಲೆ ಪೇಪರು ಹಾಸಿ ಕೂರಲು ಹೇಳಿದರು. ಎದುರು ಗೋಡೆಯಲ್ಲಿ ಆಳೆತ್ತರದ ಫೋಟೋ: ಮಣ್ಣಿನಲ್ಲಿ ಎರಡು ಚೆಂದದ ಪಾದ, ಕೆಳಗೆ ‘ನೆಲದೊಂದಿಗೆ ಒಂದಾಗಿ’ ಎಂಬ ಬರಹ. ಎಡ ಮೂಲೆಯಲ್ಲಿ ಕೆಸರು ಮೆತ್ತಿದ, ಉಗುರು ಒಡೆದ ಒಂದು ಹೆಬ್ಬೆರಳು ಉಳಿದುಕೊಂಡಿತ್ತು. ನಮ್ಮತ್ತೆಯದು.

ಮೇಡಂ ಬಂದರು. ಅವರು ಗಾಜಿನ ಲೋಟದಲ್ಲಿ ನೀರು ಕುಡಿದರು, ನನಗೆ ಕಾಗದದ ಲೋಟದಲ್ಲಿ ಕೊಟ್ಟರು. “ಕುಡಿದ ಮೇಲೆ ಲೋಟ ನೀವೇ ಇಟ್ಕೋಬಹುದು, ಹಾಳೆ ಗುಜರಿಗೆ ಹೋಗುತ್ತೆ,” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ನೋಟೀಸು ಓದಿದರು. “ಇದು ಅನ್ಯಾಯ,” ಎಂದರು. “ಆದ್ರೆ ನಮ್ಮ ಸಂಸ್ಥೆಗೆ ಕೊಟ್ಟಿದ್ದು ಮಾದರಿ ಮನೆ ಮಾತ್ರ. ಅದು ಮುಗೀತು. ಮುಂದಿನದು ಆಫೀಸಿನ ಕೈಲಿ. ಅಧ್ಯಕ್ಷರು ನನ್ನ ಫೋನೂ ತೆಗೀತಿಲ್ಲ.”

“ನಲವತ್ತು ಮನೆ ಅಂದಿದ್ರಿ ಮೇಡಂ.”

“ಅಂದಿದ್ದೆ.”

“ಹೋಗ್ಲಿ, ನಕ್ಷೆನಾದ್ರೂ ಕೊಡಿ.”

“ನಕ್ಷೆ ಸಂಸ್ಥೆಗೆ ಸೇರಿದ್ದು. ಹಕ್ಕುಗಳಿವೆ, ನಾನು ಕೊಡೋಕಾಗಲ್ಲ.” ಅವರು ಲೋಟವನ್ನು ಮೇಜಿನ ಮೇಲೆ ಸುತ್ತಿಸಿದರು. “ನಿಮಗೆ ನಕ್ಷೆ ಯಾಕಮ್ಮ? ಸತ್ಯ ಹೇಳ್ಬೇಕಂದ್ರೆ ಆ ಮನೆ ಕಟ್ಟೋದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.”

ಅವರ ಕಣ್ಣಲ್ಲಿ ನೀರು ಬಂತು. ಕೆಟ್ಟ ಹೆಂಗಸಲ್ಲ. ಕೆಟ್ಟವರಾಗಿದ್ದರೆ ಬೈದಾದರೂ ಬರಬಹುದಿತ್ತು.

ಮನೆಗೆ ಬಂದು ಎಲ್ಲ ಹೇಳಿದೆ. ಅತ್ತೆ ಅಳುವಿನ ಭಾಗವನ್ನು ಎರಡು ಸಲ ಕೇಳಿಸಿಕೊಂಡಳು.

“ಎಷ್ಟು ಅತ್ಲು?”

“ಸ್ವಲ್ಪ.”

“ಒಂದು ಬಕೆಟ್ ಆಗಿದ್ರೆ ಮಣ್ಣು ಕಲ್ಸೋಕಾದ್ರೂ ಬರ್ತಿತ್ತು.” ಆಮೇಲೆ ತಲೆ ಕೆರೆದುಕೊಂಡಳು. “ಇರು, ಕೊನೇಲಿ ಏನಂದ್ಲು ಅಂದೆ? ನಮಗೇ ಚೆನ್ನಾಗ್ ಗೊತ್ತು ಅಂದ್ಲಾ? ಲೋ ಮೇಸ್ತ್ರಿ! ಇಲ್ಬಾರೋ. ನಿಂಗೆ ಚೆನ್ನಾಗ್ ಗೊತ್ತಂತೆ ಕಣೋ.”

ಮೇಸ್ತ್ರಿ ಮಾವ ಕಾಲೆಳೆಯುತ್ತ ಬಂದು ಕೇಳಿಸಿಕೊಂಡ. ಮಾದರಿ ಮನೆಯ ಕಡೆ ತಿರುಗಿ ಬೆರಳು ಮಡಚಿ ಲೆಕ್ಕ ಹಾಕಿದ. ಆಮೇಲೆ, “ಟೈರು ಎಷ್ಟು ಬೇಕಾಗುತ್ತೆ ಗೊತ್ತಾ ಅಕ್ಕ?” ಎಂದ.

ಆ ಹತ್ತು ದಿನ ನಾವು ಗುಜರಿಗೆ ಏನನ್ನೂ ಹಾಕಲಿಲ್ಲ. ಟೈರು, ಬಾಟಲಿ, ಬಿದಿರು, ಫ್ಲೆಕ್ಸು, ಹುಲ್ಲು ಎಲ್ಲ ತಂದು ಗುಡಿಸಲುಗಳ ಹಿಂದೆ ಒಟ್ಟಿದೆವು. ಮುದುಕರು ಬೆಳಿಗ್ಗೆಯಿಂದ ಸಂಜೆವರೆಗೆ ಬಾಟಲಿ ಗಿಡಿದರು. ಇಂಜಿನಿಯರ ಕಡೆಯವನೊಬ್ಬ ಬಂದು ನೋಡಿ, ಗಂಟುಮೂಟೆ ಕಟ್ಟುತ್ತಿದ್ದಾರೆ ಎಂದು ಖುಷಿಯಿಂದ ಹೋಗಿ ಹೇಳಿದನಂತೆ.

ಹನ್ನೊಂದನೇ ದಿನ ಮಧ್ಯಾಹ್ನ ಹನ್ನೆರಡಕ್ಕೆ ಜೆಸಿಬಿ ಬಂತು. ಹಿಂದೆ ಜೀಪಿನಲ್ಲಿ ಇಂಜಿನಿಯರು. ನಮ್ಮ ನಲವತ್ತು ಗುಡಿಸಲು ಬೀಳಲು ಒಂದು ಗಂಟೆಯೂ ಹಿಡಿಯಲಿಲ್ಲ. ಕಟ್ಟಲು ಕಷ್ಟಪಟ್ಟದ್ದು ಕೆಡವಲು ಕಷ್ಟಪಡಬೇಕು ಎಂದು ಎಲ್ಲೂ ಬರೆದಿಲ್ಲ ನೋಡಿ. ‘ಒಳಗೆ ಬನ್ನಿ’ ಎಂಬ ನಮ್ಮ ಗೋಡೆ ಯಂತ್ರದ ಹಲ್ಲಿಗೆ ಸಿಕ್ಕಿಕೊಂಡು ಸ್ವಲ್ಪ ದೂರ ಅದರ ಜೊತೆಯೇ ಹೋಯಿತು. ನನ್ನ ಮಗಳು ನನ್ನ ಸೊಂಟಕ್ಕೆ ಮುಖ ಒತ್ತಿಕೊಂಡು ನಿಂತಿದ್ದಳು. ಕಣ್ಣು ಮುಚ್ಚಿದ್ದಳೋ ತೆರೆದಿದ್ದಳೋ ನನಗೆ ಕಾಣಲಿಲ್ಲ.

“ಇವತ್ತು ಸಂಜೆಯೊಳಗೆ ಒಂದು ಚಿಂದೀನೂ ಇಲ್ಲಿರ್ಬಾರ್ದು,” ಎಂದು ಇಂಜಿನಿಯರು ಜೀಪಿನೊಳಗಿಂದಲೇ ಹೇಳಿದರು. ಜೆಸಿಬಿಯವನಿಗೆ, “ನೆಲ ಎಲ್ಲ ಅಗೆದು ಮಟ್ಟ ಮಾಡು, ಗಿಡ ನೆಡಬೇಕು,” ಎಂದು ಹೇಳಿ ಊಟಕ್ಕೆ ಹೋದರು.

ಜೀಪಿನ ಧೂಳು ಇಳಿಯುವ ಮುಂಚೆಯೇ ಮೇಸ್ತ್ರಿ ಮಾವ ಮಾದರಿ ಮನೆಯ ಬೀಗಕ್ಕೆ ಸುತ್ತಿಗೆಯಲ್ಲಿ ಎರಡೇಟು ಕೊಟ್ಟ. ಮುದುಕರು, ಮಕ್ಕಳು, ಪಾತ್ರೆಗಳು ಒಳಗೆ ಹೋದವು. ಮನೆ ತುಂಬಿ ಜಗಲಿಯೂ ತುಂಬಿತು. ಆಮೇಲೆ ಅವನು ಆ ಮನೆಯ ಪಕ್ಕದ ಗೋಡೆಗೇ ಸೇರಿಸಿ ದಾರ ಹಿಡಿದು, ಸುಣ್ಣದಲ್ಲಿ ಗೀಟು ಎಳೆದ. ಒಂದು ಗೋಡೆ ಆಗಲೇ ಇದೆ, ಮೂರು ಕಟ್ಟಿದರೆ ಎರಡನೇ ಮನೆ.

ಅತ್ತೆ ಜೆಸಿಬಿಯ ಹತ್ತಿರ ಹೋದಳು. ಡ್ರೈವರು ಮೇಲೆ ಕೂತು ಡಬ್ಬಿಯ ಅನ್ನ ತಿನ್ನುತ್ತಿದ್ದ. ನಮ್ಮ ಮುಖ ನೋಡಲಾಗದೆ ಬೆನ್ನು ಮಾಡಿ ಕೂತಿದ್ದ.

“ಮಗಾ, ನಿನ್ನ ಮನೆ ಎಲ್ಲಿ?”

“ಹೊಳೆ ಆಚೆಗೆ. ಶೀಟಿನ ಮನೆ.”

“ಸೋರುತ್ತಾ?”

“ಸೋರ್ದೆ ಏನು?”

“ಅಲ್ಲೊಂದು ಬಿಳಿ ಗೀಟು ಎಳ್ದಿದ್ದೀವಿ ನೋಡು. ಅದರ ಮೇಲೆ ಒಂದ್ಸಲ ಕೆರೀತೀಯಾ? ಮೊಣಕಾಲುದ್ದ ಸಾಕು. ಕೆರೆದ ಮಣ್ಣು ಪಕ್ಕದಲ್ಲೇ ಹಾಕು, ಬೇಕು.”

ಅವನು ಅನ್ನ ಅಗಿಯುವುದನ್ನು ನಿಲ್ಲಿಸಿ ಗೀಟು ನೋಡಿದ, ಟೈರಿನ ರಾಶಿ ನೋಡಿದ, ಅತ್ತೆಯನ್ನು ನೋಡಿದ.

“ನೆಲ ಅಗಿ ಅಂದಿದ್ದಾರೆ,” ಎಂದ. “ಎಲ್ಲಿ ಅಗೀಬಾರ್ದು ಅಂತ ಹೇಳಿಲ್ಲ.”

ಡಬ್ಬಿ ಮುಚ್ಚಿ ಯಂತ್ರ ಚಾಲೂ ಮಾಡಿದ. ಕೈಯಲ್ಲಿ ಮೂರು ದಿನ ಹಿಡಿಯುತ್ತಿದ್ದ ಕಾಲುವೆ ಇಪ್ಪತ್ತು ನಿಮಿಷದಲ್ಲಿ ಆಯಿತು. ಕೇಳದೆಯೇ ಹಿಂದಕ್ಕೆ ಹೋಗಿ, ಕಮೋಡಿನ ಕೊಳವೆಯ ಕೆಳಗೆ ಯಂತ್ರದ ಬಕೆಟ್ಟಿನಲ್ಲಿ ನಾಲ್ಕು ಸಲ ಆಳವಾಗಿ ಮಣ್ಣು ತೆಗೆದ. “ವೀಡಿಯೋ ನೋಡಿದ್ದೆ,” ಎಂದ, ಅಷ್ಟೇ.

ಇಂಜಿನಿಯರು ಬರುವ ಹೊತ್ತಿಗೆ ಹನ್ನೊಂದು ಹೆಂಗಸರು ಮಣ್ಣಿನಲ್ಲಿದ್ದೆವು, ಟೈರಿನ ಮೊದಲ ಸಾಲು ಕಾಲುವೆಯಲ್ಲಿ ಮಲಗಿತ್ತು. ಅವರು ಜೀಪಿನಿಂದ ಇಳಿದವರು ಮತ್ತೆ ಹತ್ತಿ, ಮತ್ತೆ ಇಳಿದರು.

“ಯಾರ ಅಪ್ಪಣೆ ತಗೊಂಡ್ರೋ? ಯಾವ ನಕ್ಷೆ? ಯಾವ ಸೂಳೆಮಗ ಬೀಗ ಒಡೆದಿದ್ದು?”

“ನಾನೇ ಸಾರ್ ಆ ಸೂಳೆಮಗ,” ಎಂದ ಮೇಸ್ತ್ರಿ ಮಾವ, ದಾರದಿಂದ ಕಣ್ಣು ತೆಗೆಯದೆ. “ಸ್ವಲ್ಪ ಪಕ್ಕಕ್ಕೆ ಬನ್ನಿ, ಗೋಡೆ ಬರೋ ಜಾಗದಲ್ಲಿ ನಿಂತಿದ್ದೀರಿ.”

ಅವರು ಫೋನು ತೆಗೆದರು. “ಕೆಡವೋ ಅದನ್ನ!” ಎಂದು ಜೆಸಿಬಿಯವನಿಗೆ ಕೂಗಿದರು. ಅವನು ಕೀಲಿಯನ್ನು ಜೇಬಿಗೆ ಹಾಕಿಕೊಂಡು, “ಡೀಸೆಲ್ ಮುಗೀತು ಸಾರ್,” ಎಂದು ಹೇಳಿ ಯಂತ್ರದ ನೆರಳಲ್ಲಿ ಕೂತ.

ಅರ್ಧ ಗಂಟೆಗೆ ಪೊಲೀಸ್ ವ್ಯಾನು ಬಂತು. ಹೆಂಗಸರ ಮೇಲೆ ಕೈ ಹಾಕಲೆಂದು ಹೆಂಗಸರನ್ನೇ ಕರೆತಂದಿದ್ದರು, ಆರು ಜನ. ಒಣಗಿದ ಮುಖದವರು. ಅಷ್ಟು ಹೊತ್ತಿಗೆ ನಾವು ಎರಡನೇ ಸಾಲಿಗೆ ಶುರು ಮಾಡಿದ್ದೆವು. ರಾಶಿಯಿಂದ ಕಾಲುವೆಯವರೆಗೆ ಸಾಲಾಗಿ ನಿಂತು ಒಬ್ಬರ ಕೈಯಿಂದ ಒಬ್ಬರಿಗೆ ಟೈರು ದಾಟಿಸುತ್ತಿದ್ದೆವು. ಸಾಲಿನ ಆ ತುದಿಯಲ್ಲಿ ಅತ್ತೆ, ಈ ತುದಿಯಲ್ಲಿ ಮೇಸ್ತ್ರಿ ಮಾವ. ನಾನು ಅವನಿಂದ ಎರಡನೆಯವಳು.

ಅತ್ತೆಯನ್ನು ಇಬ್ಬರು ತೋಳು ಹಿಡಿದು ಎಳೆದರು. ಅವಳು ಬೈಯುತ್ತಲೇ ಇದ್ದಳು, ಅವರ ಅಮ್ಮಂದಿರನ್ನೂ ಅಪ್ಪಂದಿರನ್ನೂ ಅವರ ಮೇಲಿನವರನ್ನೂ. ಅವಳ ಜಾಗಕ್ಕೆ ಪಕ್ಕದವಳು ಸರಿದು ನಿಂತಳು. ಟೈರು ನಿಲ್ಲಲಿಲ್ಲ.

ಒಬ್ಬಳು ಪೊಲೀಸು, ನನ್ನ ವಯಸ್ಸಿನವಳೇ ಇರಬೇಕು, “ಏಯ್, ನಿಲ್ಸ್ರೀ!” ಎನ್ನುತ್ತ ನನ್ನ ಮುಂದಿನವಳನ್ನು ಸಾಲಿನಿಂದ ಎಳೆದು ಆಚೆ ತಳ್ಳಿ ಆ ಜಾಗದಲ್ಲಿ ನಿಂತಳು. ನನ್ನ ಕೈಯಲ್ಲಿ ಲಾರಿಯ ಟೈರು ಇತ್ತು. ಅಷ್ಟು ಹೊತ್ತಿನಿಂದ ಅದನ್ನೇ ಮಾಡಿದ ಕೈ, ಯೋಚನೆ ಮಾಡಲಿಲ್ಲ, ಮುಂದಕ್ಕೆ ಕೊಟ್ಟಿತು. ಭಾರ ಮೈಮೇಲೆ ಬಂದಾಗ ಅವಳ ಕೈಯೂ ಯೋಚನೆ ಮಾಡಲಿಲ್ಲ, ಹಿಡಿದುಕೊಂಡಿತು.

“ಬಿಸಾಡ್ರೀ ಅದನ್ನ!” ಎಂದು ಇಂಜಿನಿಯರು ಕಿರುಚಿದರು.

“ಕೊಡಮ್ಮ ಇತ್ಲಾಗೆ, ಭಾರ ಇದೆ,” ಎಂದು ಮೇಸ್ತ್ರಿ ಮಾವ ಎರಡೂ ಕೈ ಚಾಚಿದ.

ಅವಳು ಅವರನ್ನು ನೋಡಿದಳು, ಇವನನ್ನು ನೋಡಿದಳು. ಟೈರಿನ ಕಪ್ಪು ಅವಳ ಖಾಕಿ ಅಂಗಿಗೆ ಇಳಿಯುತ್ತಿತ್ತು. ಹಿಂದಿನಿಂದ ನನ್ನ ಕೈಗೆ ಇನ್ನೊಂದು ಟೈರು ಬಂದು ಕೂತಿತು.